ಜ್ಯಾಕ್ ಪಿಯರ್ಸ್ ಮೇಷ್ಟ್ರ ನೆನಪಿಗೆ ಒಂದು ಚಪ್ಪಟೆ ತಲೆ

ನಟರನ್ನು ನೆನೆಯೋದು ಸುಲಭ. ಅವರ ಸಿನಿಮಾ ಹಾಕಿಕೊಂಡು ಕೂತರೆ ಆಯಿತು. ಹಾಡುಗಾರರಾದರೆ ಹಾಡು ಕೇಳಬಹುದು. ಮೇಕಪ್ ಮಾಡಿದವರನ್ನು ನೆನೆಯೋದು ಹೇಗೆ? ಅವರು ಬೆಳಗ್ಗೆ ಮಾಡಿದ ಕೆಲಸ ರಾತ್ರಿ ಎಣ್ಣೆ ಬಟ್ಟೆಯಲ್ಲಿ ಒರೆಸಿ ಹೋಗಿರುತ್ತದೆ. ತೆರೆ ಮೇಲೆ ಕಾಣೋದು ಬೇರೆಯವರ ಮುಖ, ಪೋಸ್ಟರಿನಲ್ಲಿ ಇರೋದು ಬೇರೆಯವರ ಹೆಸರು.

ಹಳೆಯ ಹಾರರ್ ಸಿನಿಮಾ ಹುಚ್ಚು ಇರುವವರಿಗೆ ಜ್ಯಾಕ್ ಪಿಯರ್ಸ್ ಯಾರು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು ಹೇಳಿದರೆ ಸಾಕು. ಫ್ರಾಂಕೆನ್‌ಸ್ಟೈನ್ ಅಂದ ಕೂಡಲೇ ನಿಮಗೆ ಏನು ಕಾಣುತ್ತದೆ? ಚಪ್ಪಟೆ ತಲೆ, ಮುಂದಕ್ಕೆ ಚಾಚಿದ ಹುಬ್ಬು, ಭಾರವಾಗಿ ಇಳಿದ ರೆಪ್ಪೆ, ಕತ್ತಿನ ಎರಡೂ ಕಡೆ ಕಬ್ಬಿಣದ ಮೊಳೆಯಂಥದ್ದು. ಡಾಕ್ಟರ್ ಫ್ರಾಂಕೆನ್‌ಸ್ಟೈನ್ ಹೆಣಗಳ ತುಂಡು ಜೋಡಿಸಿ ಜೀವ ಕೊಟ್ಟ ರಾಕ್ಷಸ ಅದು. ಮೂಲ ಕಥೆಯಾದ ಮೇರಿ ಶೆಲ್ಲಿಯ ಕಾದಂಬರಿಯಲ್ಲಿ ಇದ್ಯಾವುದೂ ಇಲ್ಲ. ಅಲ್ಲಿರೋದು ಹಳದಿ ಚರ್ಮ, ಹೊಳೆಯುವ ಕಪ್ಪು ಕೂದಲು, ಬಿಳಿ ಹಲ್ಲು, ಕಪ್ಪು ತುಟಿ. ನಾವು ಕಾಣುವ ಆ ಮುಖವನ್ನು 1931ರಲ್ಲಿ ಯೂನಿವರ್ಸಲ್ ಸ್ಟುಡಿಯೋದ ಮೇಕಪ್ ಕೋಣೆಯಲ್ಲಿ ಕೂತು ಹತ್ತಿ, ಅಂಟು, ಬಣ್ಣದಲ್ಲಿ ಕಟ್ಟಿದವರು ಪಿಯರ್ಸ್. 1932ರ ಮಮ್ಮಿ, ಅಂದರೆ ಬಟ್ಟೆ ಪಟ್ಟಿ ಸುತ್ತಿದ ಈಜಿಪ್ಟಿನ ಹೆಣ, ಅವರದು. 1935ರ ಫ್ರಾಂಕೆನ್‌ಸ್ಟೈನ್ ಮದುಮಗಳು, ಆ ಮಿಂಚಿನ ಗೆರೆಯ ಕೂದಲಿನವಳು, ಅವರದು. 1941ರ ತೋಳಮನುಷ್ಯ ಅವರದು.

ನಾನು ಅವರನ್ನು ಮೇಷ್ಟ್ರು ಅಂತಲೇ ಕರೆಯೋದು. ಅವರು 1968ರ ಜುಲೈ 19ರಂದು ತೀರಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಮೇಷ್ಟ್ರು.

ನಾನು ಪುತ್ತೂರು ಕಡೆಯವಳು, ಈಗ ಇರೋದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿನ ಸಣ್ಣಪುಟ್ಟ ನಾಟಕ ತಂಡಗಳಿಗೆ ಮೇಕಪ್ ಮಾಡುತ್ತೇನೆ. ನಮ್ಮ ಕನ್ನಡ ಸಂಘದ ನಾಟಕಗಳಿಗೂ ಮಾಡುತ್ತೇನೆ, ಅದಕ್ಕೆ ಸಂಭಾವನೆ ಬಿಸಿಬೇಳೆಬಾತು. ಈ ಸಲ ಮೇ 5ಕ್ಕೆ, ಅಂದರೆ ಪಿಯರ್ಸ್ ಹುಟ್ಟಿದ ದಿನ, ಏನಾದರೂ ಮಾಡಬೇಕು ಅಂತ ಮನಸ್ಸಾಯಿತು. ಸಿನಿಮಾ ಹಾಕಿ ಪಾಪ್‌ಕಾರ್ನ್ ತಿನ್ನೋದು ಪ್ರತಿ ಅಕ್ಟೋಬರಿನಲ್ಲಿ ಇದ್ದೇ ಇದೆ. ಅದರಲ್ಲಿ ಆ ರಾಕ್ಷಸನ ಪಾತ್ರ ಮಾಡಿದ ನಟ ಬೋರಿಸ್ ಕಾರ್ಲಾಫ್ ನೆನಪಾಗುತ್ತಾರೆ, ಮೇಷ್ಟ್ರು ಹಿಂದೆಯೇ ಉಳಿಯುತ್ತಾರೆ. ಹಾಗಾಗಿ ಆ ತಲೆಯನ್ನು ಅವರ ಹಾಗೇ ಕಟ್ಟೋಣ ಅಂತ ಹೊರಟೆ. ರೆಡಿಮೇಡ್ ರಬ್ಬರ್ ಹಣೆ ತಂದು ಅಂಟಿಸೋದು ಬೇಡ. ಖಾಲಿ ಮುಖದಿಂದ ಶುರು ಮಾಡಿ, ಪದರದ ಮೇಲೆ ಪದರ ಇಟ್ಟು ಕಟ್ಟಬೇಕು. ಸಂಜೆ ಕಿತ್ತು ಬಿಸಾಕಬೇಕು.

ಮುಖ ಕೊಡಲು ಒಪ್ಪಿದವನು ನಮ್ಮ ಸಂಘದ ಒಬ್ಬ ಹುಡುಗ. ಸಾಫ್ಟ್‌ವೇರ್ ಕೆಲಸ, ಆರಡಿ ಎತ್ತರ, ಗಡ್ಡ ಇಲ್ಲ. ನನಗೆ ಬೇಕಾಗಿದ್ದು ಅಷ್ಟೇ. "ಎಷ್ಟು ಹೊತ್ತು ಆಗುತ್ತೆ ಅಕ್ಕ?" ಅಂದ. "ಕಾರ್ಲಾಫ್‌ಗೆ ದಿನಾ ಸುಮಾರು 4 ಗಂಟೆ ಹಿಡೀತಿತ್ತಂತೆ" ಅಂದೆ. ನನಗೆ ಎಷ್ಟಾಗುತ್ತೆ ಅಂತ ಹೇಳಲಿಲ್ಲ. ಅವನೂ ಕೇಳಲಿಲ್ಲ, ಪುಣ್ಯ.

ಕೆಲಸ ಶುರು ಮಾಡುವ ಮೊದಲು ತಲೆ ಯಾಕೆ ಚಪ್ಪಟೆ ಅನ್ನೋದು ಗೊತ್ತಿರಬೇಕು. ಇಲ್ಲದಿದ್ದರೆ ಕೈ ಸುಮ್ನೆ ಗುಂಡಗೆ ಮಾಡಿಬಿಡುತ್ತದೆ. ಪಿಯರ್ಸ್ ಆಮೇಲೆ ಪತ್ರಿಕೆಯವರಿಗೆ ಅದನ್ನು ವಿವರಿಸಿದ್ದರು. ಡಾಕ್ಟರ್ ಫ್ರಾಂಕೆನ್‌ಸ್ಟೈನ್ ವಿಜ್ಞಾನಿ, ನುರಿತ ಸರ್ಜನ್ ಏನಲ್ಲ. ಮಿದುಳು ಒಳಗೆ ಇಡಬೇಕಾದರೆ ಅವನು ಅತಿ ಸುಲಭದ ದಾರಿ ಹಿಡಿಯುತ್ತಾನೆ. ತಲೆಬುರುಡೆಯನ್ನು ಮೇಲ್ಗಡೆ ನೇರವಾಗಿ ಕೊಯ್ದು, ಡಬ್ಬಿ ಮುಚ್ಚಳದ ಹಾಗೆ ತೆರೆದು, ಮಿದುಳು ಇಟ್ಟು, ಮುಚ್ಚಿ ಕ್ಲಿಪ್ ಹಾಕಿಬಿಡುತ್ತಾನೆ. ಚಪ್ಪಟೆ ತಲೆ, ಹಣೆಯ ಮೇಲಿನ ಗಾಯ, ಅಲ್ಲಿನ ಲೋಹದ ಕ್ಲಿಪ್ಪು, ಎಲ್ಲವೂ ಈ ಒಂದು ಯೋಚನೆಯಿಂದ ಹುಟ್ಟಿದವು. ಕತ್ತಿನಲ್ಲಿ ಇರೋದನ್ನು ಎಲ್ಲರೂ ಬೋಲ್ಟ್ ಅನ್ನುತ್ತಾರೆ. ಅವು ವಿದ್ಯುತ್ ಹರಿಸುವ ಎಲೆಕ್ಟ್ರೋಡ್. ಜೀವ ಬಂದಿದ್ದು ಕರೆಂಟಿನಿಂದ, ಕರೆಂಟು ಒಳಗೆ ಹೋಗಲು ಬಾಗಿಲು ಬೇಡವಾ?

ಇದು ನನಗೆ ಅವರಲ್ಲಿ ತುಂಬಾ ಇಷ್ಟವಾಗುವ ಗುಣ. ಹೆದರಿಸೋಣ ಅಂತ ಕೋರೆಹಲ್ಲು, ಕೊಂಬು ಹಚ್ಚಲು ಹೋಗಲಿಲ್ಲ. ಈ ದೇಹವನ್ನು ಯಾರು, ಹೇಗೆ ಮಾಡಿದರು ಅಂತ ಕೇಳಿಕೊಂಡರು. ಉತ್ತರ ಸಿಕ್ಕಿದ ಮೇಲೆಯೇ ಬ್ರಷ್ ಹಿಡಿದರು.

ಸಾಮಾನಿನ ವಿಷಯಕ್ಕೆ ಬರೋಣ. ಹತ್ತಿ, ಸ್ಪಿರಿಟ್ ಗಮ್, ಕೊಲೋಡಿಯನ್, ಮೇಕಪ್ ಮೇಣ, ಗ್ರೀಸ್ ಪೇಂಟ್ ಅನ್ನುವ ಜಿಡ್ಡಿನ ಬಣ್ಣ, ಪೌಡರ್. ಸ್ಪಿರಿಟ್ ಗಮ್ ನಮ್ಮ ನಾಟಕದವರಿಗೆಲ್ಲ ಗೊತ್ತು, ಮೀಸೆ ಅಂಟಿಸೋದೇ ಅದರಲ್ಲಿ. ಕೊಲೋಡಿಯನ್ ಅಷ್ಟು ಪರಿಚಯ ಇರಲಿಕ್ಕಿಲ್ಲ. ನೈಟ್ರೋಸೆಲ್ಯುಲೋಸನ್ನು ಈಥರ್ ಮತ್ತು ಆಲ್ಕೋಹಾಲಿನಲ್ಲಿ ಕರಗಿಸಿದ ದ್ರವ ಅದು. ಹಿಂದೆ ಗಾಯದ ಮೇಲೆ ಹಚ್ಚುತ್ತಿದ್ದರು, ಫೋಟೋದ ಗಾಜಿನ ಪ್ಲೇಟಿಗೂ ಬಳಸುತ್ತಿದ್ದರು. ಹಚ್ಚಿದ ಕೂಡಲೇ ಈಥರ್ ಆರಿಹೋಗಿ ಗಟ್ಟಿ ಪೊರೆ ಉಳಿಯುತ್ತದೆ. ಒಣಗುವಾಗ ಕುಗ್ಗಿ ಚರ್ಮವನ್ನು ಜಗ್ಗುತ್ತದೆ.

ಇಲ್ಲಿ ಒಂದು ಮಾತು, ದಯವಿಟ್ಟು ಹಾರಿಸಬೇಡಿ. ಕೊಲೋಡಿಯನ್ ಬೆಂಕಿಗೆ ಭಗ್ ಅನ್ನುವ ಪದಾರ್ಥ. ಅದರ ಆವಿಗೆ ತಲೆ ಸುತ್ತುತ್ತದೆ. ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು. ನಾನು ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದು, ಫ್ಯಾನ್ ಹಾಕಿ ಕೂತೆ. ಹುಡುಗನ ಚರ್ಮಕ್ಕೆ ನೇರವಾಗಿ ಹಚ್ಚಲಿಲ್ಲ. ತಲೆಗೆ ಬಾಲ್ಡ್ ಕ್ಯಾಪ್, ಅಂದರೆ ಕೂದಲು ಮುಚ್ಚಿ ಬೋಳು ತಲೆಯಂತೆ ಕಾಣಿಸುವ ತೆಳು ಟೋಪಿ, ಹಾಕಿ, ಅದನ್ನು ಹುಬ್ಬಿನ ಮೇಲಿನವರೆಗೆ ಎಳೆದು ಅಂಟಿಸಿ, ಅದರ ಮೇಲೆ ಮಾತ್ರ ಕೊಲೋಡಿಯನ್ ಬಳಸಿದೆ. ಕಣ್ಣಿನ ಹತ್ತಿರ ಒಂದು ಹನಿಯೂ ಇಲ್ಲ. ಅಷ್ಟರ ಮಟ್ಟಿಗೆ ನಾನು ಮೇಷ್ಟ್ರ ಮಾತು ಮೀರಿದವಳೇ. ಆ ಕಾಲದವರು ಚರ್ಮದ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಪಾಪ ಕಾರ್ಲಾಫ್.

ಹತ್ತಿಯ ಕೆಲಸವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ವಿದ್ಯೆ ಇರೋದು ಅಲ್ಲೇ. ಮೆಡಿಕಲ್ ಶಾಪಿನ ಹತ್ತಿಯ ಸುರುಳಿ ಬಿಚ್ಚಿ, ಅದನ್ನು ಬೆರಳಲ್ಲಿ ಹಿಂಜಬೇಕು. ಕತ್ತರಿ ಮುಟ್ಟಲೇಬಾರದು. ಕತ್ತರಿಸಿದ ಅಂಚು ಅಂಚಾಗಿಯೇ ಉಳಿಯುತ್ತದೆ, ಎಷ್ಟು ಬಣ್ಣ ಬಳಿದರೂ ಗೆರೆ ಕಾಣುತ್ತದೆ. ಹಿಂಜಿದ ಹತ್ತಿಯ ತುದಿಯಲ್ಲಿ ಕೂದಲೆಳೆಯಂಥ ನಾರು ಚಾಚಿಕೊಂಡಿರುತ್ತದೆ. ಆ ನಾರು ಪಕ್ಕದ ಚರ್ಮದ ಮೇಲೆ ಮಲಗಿದಾಗಲೇ ಹಣೆ ಎಲ್ಲಿ ಮುಗಿಯಿತು, ಹತ್ತಿ ಎಲ್ಲಿ ಶುರುವಾಯಿತು ಅಂತ ಗೊತ್ತಾಗದೆ ಹೋಗುತ್ತದೆ. ಮೊದಲು ಸ್ಪಿರಿಟ್ ಗಮ್ ಹಚ್ಚಿ, ಬೆರಳಿನಿಂದ ತಟ್ಟಿ ತಟ್ಟಿ ಅಂಟು ಏಳುವ ತನಕ ಕಾಯಬೇಕು. ಹತ್ತಿ ಇಟ್ಟು, ಒದ್ದೆ ಬೆರಳಿನಿಂದ ಒತ್ತಬೇಕು. ಅದರ ಮೇಲೆ ಬ್ರಷ್ಷಿನಲ್ಲಿ ಕೊಲೋಡಿಯನ್. ಒಣಗಲಿ. ಮತ್ತೆ ಹತ್ತಿ. ಮತ್ತೆ ಕೊಲೋಡಿಯನ್.

ಅವಸರ ಮಾಡಿದರೆ ಒಳಗಿನ ಪದರ ಒದ್ದೆಯಾಗಿಯೇ ಇರುತ್ತದೆ, ಮೇಲಿನದು ಗುಳ್ಳೆ ಏಳುತ್ತದೆ. ದಪ್ಪ ಪದರ ಒಂದೇ ಸಲ ಇಟ್ಟರೂ ಅದೇ ಗತಿ. ತೆಳ್ಳಗೆ, ತಾಳ್ಮೆಯಿಂದ. ಹೊರಗಿನ ಗಾಳಿ ತಂಪಾಗಿದ್ದರೆ ಒಣಗಲು ಇನ್ನೂ ಹೊತ್ತು. ನಡುನಡುವೆ ಹುಡುಗ "ಅಕ್ಕ, ಮೂಗು ಕೆರೀತಿದೆ" ಅನ್ನುತ್ತಿದ್ದ. ಕೈ ಎತ್ತಿದರೆ ಭುಜ ಏಳುತ್ತದೆ, ಭುಜ ಎದ್ದರೆ ಕ್ಯಾಪ್ ಸುಕ್ಕಾಗುತ್ತದೆ. ಹಾಗಾಗಿ ಮೂಗು ಕೆರೆಯುವ ಸೇವೆಯೂ ನನ್ನದೇ ಆಯಿತು.

ಪದರ ಇಡುವಾಗ ನನಗೆ ಊರಿನ ಚೌಕಿ, ಅಂದರೆ ಯಕ್ಷಗಾನದವರು ವೇಷ ಕಟ್ಟುವ ಜಾಗ, ನೆನಪಾಗುತ್ತಲೇ ಇತ್ತು. ನಮ್ಮ ಸೋದರಮಾವ ತೆಂಕುತಿಟ್ಟಿನ ಮೇಳದಲ್ಲಿ ಬಣ್ಣದ ವೇಷ ಮಾಡುತ್ತಿದ್ದರು. ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯಲ್ಲಿ ಮುಖದ ಮೇಲೆ ಒಂದೊಂದೇ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕೆ, ಇಡುತ್ತಾ ಗಂಟೆಗಟ್ಟಲೆ ಕೂರುತ್ತಿದ್ದರು. ಮಾತಾಡುತ್ತಿರಲಿಲ್ಲ, ಮಾತಾಡಿದರೆ ಚಿಟ್ಟಿ ಬಿರುಕು ಬಿಡುತ್ತದೆ. ಕೊನೆಗೆ ಎದ್ದು ನಿಂತಾಗ ಅಲ್ಲಿ ಮಾವ ಇರುತ್ತಿರಲಿಲ್ಲ, ರಾಕ್ಷಸ ಇರುತ್ತಿದ್ದ. ಬೆಳಗಾಗುವಾಗ ತೆಂಗಿನೆಣ್ಣೆ ಹಚ್ಚಿ ಎಲ್ಲವನ್ನೂ ಒರೆಸಿಬಿಡುತ್ತಿದ್ದರು. ಪಿಯರ್ಸ್ ಮೇಷ್ಟ್ರಿಗೆ ಯಕ್ಷಗಾನದ ಗಂಧಗಾಳಿ ಇರಲಿಲ್ಲ ಬಿಡಿ. ಆದರೆ ಮಾವ ಹಾಲಿವುಡ್ಡಿನ ಆ ಕೋಣೆಗೆ ಹೋಗಿದ್ದರೆ ಏನು ನಡೀತಿದೆ ಅಂತ ಯಾರೂ ಅವರಿಗೆ ಹೇಳಿಕೊಡಬೇಕಿರಲಿಲ್ಲ.

ಆ ಕೋಣೆಯಲ್ಲಿ ಮೇಷ್ಟ್ರು ಡಾಕ್ಟರ ಹಾಗೆ ಬಿಳಿ ಕೋಟು ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಆಗಿನ ಫೋಟೋಗಳಲ್ಲಿ ಕಾಣುತ್ತದೆ: ಕುರ್ಚಿಯಲ್ಲಿ ಕಾರ್ಲಾಫ್, ಪಕ್ಕದಲ್ಲಿ ಬಿಳಿ ಕೋಟಿನ ಕುಳ್ಳ ಮನುಷ್ಯ, ಮುಖದಲ್ಲಿ ನಗು ಕಮ್ಮಿ. ಹುಟ್ಟಿದ್ದು 1889ರಲ್ಲಿ, ಗ್ರೀಸಿನಲ್ಲಿ. ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದರು. ಬೇಸ್‌ಬಾಲ್ ಆಟಗಾರ ಆಗುವ ಕನಸಿತ್ತು, ಮೈಕಟ್ಟು ಸಣ್ಣದು ಅಂತ ಅದು ಆಗಲಿಲ್ಲ. ಟಾಕೀಸಿನಲ್ಲಿ ಪ್ರೊಜೆಕ್ಟರ್ ತಿರುಗಿಸಿದರು, ಸಿನಿಮಾದಲ್ಲಿ ಸಣ್ಣ ಪಾತ್ರ, ಸ್ಟಂಟ್, ಕ್ಯಾಮೆರಾ ಸಹಾಯಕ, ಸಿಕ್ಕಿದ ಕೆಲಸ ಎಲ್ಲ ಮಾಡಿದರು. ಹೆಸರು ಬಂದಿದ್ದು ಒಂದು ಕೋತಿಯಿಂದ. ಒಂದು ಮೂಕಿ ಸಿನಿಮಾದಲ್ಲಿ ನಟನೊಬ್ಬನನ್ನು ಚಿಂಪಾಂಜಿ ಮಾಡಿದ್ದರು. ಅದು ಯೂನಿವರ್ಸಲ್ ಮಾಲೀಕರ ಕಣ್ಣಿಗೆ ಬಿತ್ತು. 1928ರಲ್ಲಿ ನಟ ಕಾನ್ರಾಡ್ ವೈಟ್ ಮುಖದಲ್ಲಿ ಯಾವತ್ತೂ ಮಾಸದ ಆ ಭಯಂಕರ ನಗುವನ್ನು ಕೂರಿಸಿದ್ದೂ ಇವರೇ.

ಡ್ರಾಕುಲಾ ವಿಷಯದಲ್ಲಿ ಮಾತ್ರ ಬೇಲಾ ಲುಗೋಸಿ ಇವರ ಕೈಗೆ ಪೂರ್ತಿ ಸಿಗಲಿಲ್ಲ. ರಂಗಭೂಮಿಯಿಂದ ಬಂದವರು, ತಮ್ಮ ಬಣ್ಣ ತಾವೇ ಹಚ್ಚಿಕೊಳ್ಳುವ ಅಭ್ಯಾಸ. ಕಾರ್ಲಾಫ್ ಹಾಗಲ್ಲ. ನಲವತ್ತು ದಾಟಿದ, ಸಣ್ಣ ಪಾತ್ರಗಳಲ್ಲೇ ಸವೆದ ನಟ. ಕುರ್ಚಿಯಲ್ಲಿ ಸುಮ್ಮನೆ ಕೂರಬಲ್ಲವರು. ಅಂದಹಾಗೆ ಅವರ ನಿಜ ಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್. ಹುಟ್ಟಿದ್ದು ಲಂಡನ್ನಿನಲ್ಲಾದರೂ ಮನೆತನಕ್ಕೆ ಇಂಡಿಯಾದ ಬೇರು ಇತ್ತು, ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ಸುಂಕದ ಇಲಾಖೆಯಲ್ಲಿ ಇದ್ದವರು. ಇದನ್ನು ಕೇಳಿ ನನ್ನ ಕುರ್ಚಿಯಲ್ಲಿದ್ದ ಹುಡುಗ "ಹಾಗಾದ್ರೆ ನಮ್ಮವರೇ ಅನ್ನಿ" ಅಂತ ಒಂದು ಇಂಚು ಎತ್ತರ ಆದ. ಅಲುಗಾಡಬೇಡ ಅಂತ ಬೈದೆ.

ಹಣೆ ಮುಗಿದ ಮೇಲೆ ರೆಪ್ಪೆ. ಮೊದಮೊದಲು ಪರೀಕ್ಷೆ ಮಾಡಿದಾಗ ಕಾರ್ಲಾಫ್ ಕಣ್ಣು ತೀರಾ ಚುರುಕಾಗಿ ಕಾಣುತ್ತಿತ್ತಂತೆ. ಈಗಷ್ಟೇ ಹುಟ್ಟಿದ, ಏನೂ ಅರ್ಥವಾಗದ ಜೀವಕ್ಕೆ ಅಂಥ ಕಣ್ಣು ಹೊಂದುವುದಿಲ್ಲ ಅನ್ನಿಸಿದ್ದು ಕಾರ್ಲಾಫ್ ಅವರಿಗೇ. ಹೆಣಕ್ಕೆ ಮುಖ ತಿದ್ದುವವರು ಬಳಸುವ ಮೇಣವನ್ನು ರೆಪ್ಪೆ ಮೇಲೆ ಕೂರಿಸಿದರು. ಒಂದು ಚಿಟಿಕೆ ಮೇಣ, ಅಷ್ಟೇ. ಸಿನಿಮಾದ ಅರ್ಧ ಜೀವ ಅದರಲ್ಲಿದೆ ಅಂತ ನನ್ನ ಅಭಿಪ್ರಾಯ. ನಾನು ಚರ್ಮಕ್ಕೆ ಹೊಂದುವ ಮೃದು ಮೇಕಪ್ ಮೇಣ ತೆಗೆದುಕೊಂಡೆ. ಬೆರಳಿನ ಬಿಸಿಗೆ ಸ್ವಲ್ಪ ಹದ ಮಾಡಿ, ರೆಪ್ಪೆಯ ಮೇಲ್ಭಾಗದಿಂದ ಕೆಳಕ್ಕೆ ಇಳಿಸಿದೆ. ರೆಪ್ಪೆಗೂದಲಿನ ಬುಡಕ್ಕೆ ಬರುವ ಮೊದಲೇ ನಿಲ್ಲಿಸಿದೆ. ಹುಡುಗ ಕಣ್ಣು ಬಿಟ್ಟ. ಅಲ್ಲಿಯವರೆಗೆ ತಮಾಷೆ ಮಾಡುತ್ತಿದ್ದವನು ಕನ್ನಡಿ ನೋಡಿ ಮಾತು ನಿಲ್ಲಿಸಿದ. ಹಣೆ ಇಟ್ಟಾಗ ಅವನು ವೇಷ ಹಾಕಿದ ಹುಡುಗನಾಗಿದ್ದ. ರೆಪ್ಪೆ ಇಳಿದ ಮೇಲೆ ನೋಡಿದವರಿಗೆ ಅಯ್ಯೋ ಅನ್ನಿಸುವ ಹಾಗಾಗಿದ್ದ.

ಕೆನ್ನೆಯ ಗುಳಿ ನನ್ನ ಕೈಲಿ ಇರಲಿಲ್ಲ. ಕಾರ್ಲಾಫ್ ಬಾಯಿಯಲ್ಲಿ ಒಂದು ಕಡೆ ತೆಗೆದು ಹಾಕುವ ಹಲ್ಲಿನ ಸೆಟ್ಟು ಇತ್ತು. ಅದನ್ನು ತೆಗೆದಿಟ್ಟು ಕೆನ್ನೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ನಮ್ಮ ಹುಡುಗನಿಗೆ ಎಲ್ಲ ಹಲ್ಲೂ ಗಟ್ಟಿ. ಹಾಗಾಗಿ ಕಂದು-ಬೂದು ಬಣ್ಣದ ಶೇಡ್ ಕೊಟ್ಟು ಸುಧಾರಿಸಿದೆ.

ಇನ್ನು ಬಣ್ಣ. ಹ್ಯಾಲೋವೀನ್ ಮುಖವಾಡಗಳಲ್ಲಿ ಗಿಳಿ ಹಸಿರು ಇರುತ್ತಲ್ಲ, ಅದು ಬೇಡ. ಪಿಯರ್ಸ್ ಬಳಸಿದ್ದು ಹಸಿರು ಛಾಯೆಯ ಬೂದು ಗ್ರೀಸ್ ಪೇಂಟ್. ಕಪ್ಪುಬಿಳುಪು ಫಿಲ್ಮಿನಲ್ಲಿ ಉಳಿದ ನಟರ ಮುಖದಲ್ಲಿ ರಕ್ತ ಹರಿಯುವ ಕಳೆ ಇರಬೇಕು, ಇದರದ್ದು ಮಾತ್ರ ಸತ್ತ ಮುಖದ ಬಿಳಚು ಆಗಬೇಕು. ಅದಕ್ಕೆ ಹಸಿರು. ಸೆಟ್ಟಿನಲ್ಲಿ ಕಣ್ಣಿಗೆ ಹೇಗೆ ಕಾಣುತ್ತದೆ ಅನ್ನೋದು ಲೆಕ್ಕಕ್ಕೇ ಇಲ್ಲ, ಕ್ಯಾಮೆರಾಕ್ಕೆ ಹೇಗೆ ಕಾಣುತ್ತದೆ ಅನ್ನೋದೇ ಲೆಕ್ಕ. ಬೆರಳ ತುದಿಗೆ ಕಪ್ಪು ಬೂಟ್ ಪಾಲಿಶ್ ಹಚ್ಚುತ್ತಿದ್ದರು, ಸತ್ತವರ ಕೈಬೆರಳಲ್ಲಿ ರಕ್ತ ಕಟ್ಟಿ ಕಪ್ಪಾಗುತ್ತೆ ಅಂತ. ನಾನು ಬೂಟ್ ಪಾಲಿಶ್ ಬದಲು ಕಪ್ಪು ಗ್ರೀಸ್ ಪೇಂಟ್ ಹಚ್ಚಿದೆ. ಕೋಟಿನ ತೋಳು ಮಾತ್ರ ಅವರ ಹಾಗೇ ಗಿಡ್ಡ ಮಾಡಿದೆ. ತೋಳು ಗಿಡ್ಡವಾದರೆ ಕೈ ಉದ್ದ ಕಾಣುತ್ತದೆ. ಕೆಲಸ ಒಂದು ನಿಮಿಷದ್ದು, ಪರಿಣಾಮ ಮಾತ್ರ ಜೋರು. ಬೂಟು ಗುಜರಿಯಲ್ಲಿ ಸಿಕ್ಕಿತು. ಕಾರ್ಲಾಫ್ ಹಾಕಿದ್ದು ರಸ್ತೆಗೆ ಡಾಂಬರು ಹಾಕುವವರ ಬೂಟು, ಒಂದೊಂದೇ 5 ಕಿಲೋಗೂ ಜಾಸ್ತಿ.

ಸಂಜೆ ಸ್ನೇಹಿತರು ಬಂದರು. ಎಲ್ಲರಿಗೂ ಮೊದಲ ನೋಟಕ್ಕೆ ನಿರಾಸೆ. ಗ್ಯಾರೇಜಿನ ಎಲ್‌ಇಡಿ ಟ್ಯೂಬಿನ ಕೆಳಗೆ ಹುಡುಗ ಬೂದಿ ಬಳಿದುಕೊಂಡ ಹಾಗಿದ್ದ. ಹತ್ತಿಯ ಉಬ್ಬುತಗ್ಗು, ಹಚ್ಚಿದ ಅಂಟು ಎಲ್ಲಾ ಕಾಣುತ್ತಿತ್ತು. ನಾನು ಏನೂ ಹೇಳದೆ ಟ್ಯೂಬ್ ಆರಿಸಿ, ಒಂದೇ ಒಂದು ಹಳೇ ಟಂಗ್‌ಸ್ಟನ್ ಸ್ಪಾಟ್‌ಲೈಟನ್ನು ಎತ್ತರದಿಂದ, ಸ್ವಲ್ಪ ಓರೆಯಾಗಿ ಬಿಟ್ಟೆ.

ಹುಬ್ಬಿನ ನೆರಳು ಕಣ್ಣಿನ ಗುಳಿಗೆ ಬಿತ್ತು. ಕೆನ್ನೆಯ ನೆರಳು ದವಡೆಗೆ ಬಿತ್ತು. ಅಷ್ಟು ಹೊತ್ತು ನಾನು ಹತ್ತಿಯಲ್ಲಿ ಕಟ್ಟಿದ್ದು ನೆರಳು ಬೀಳಿಸುವ ಒಂದು ಸೂರು ಅಂತ ಆಗ ಎಲ್ಲರಿಗೂ ಕಾಣಿಸಿತು. ಮೇಷ್ಟ್ರ ವಿನ್ಯಾಸದ ಗುಟ್ಟು ಇದೇ. ನಿರ್ದೇಶಕ ಜೇಮ್ಸ್ ವೇಲ್, ಕ್ಯಾಮೆರಾದ ಆರ್ಥರ್ ಈಡೆಸನ್ ಲೈಟನ್ನು ಎಲ್ಲಿಡುತ್ತಾರೆ ಅನ್ನೋದನ್ನು ಬಿಟ್ಟು ಆ ಮುಖವನ್ನು ನೋಡುವಂತೆಯೇ ಇಲ್ಲ. ಮುಖ ಎತ್ತಿದರೆ ಕಣ್ಣಿಗೆ ಬೆಳಕು ಬಂದು ಮಗುವಿನ ಹಾಗೆ ಕಾಣುತ್ತದೆ. ತಗ್ಗಿಸಿದರೆ ಕಣ್ಣು ಮಾಯ, ಬುರುಡೆ ಮಾತ್ರ. ನಟ ಕತ್ತು ಆಡಿಸಿದರೆ ಸಾಕು, ಪಾತ್ರ ಬದಲಾಗುತ್ತದೆ. ಎಂಥಾ ನಟನಿಗೂ ಇದಕ್ಕಿಂತ ದೊಡ್ಡ ಉಡುಗೊರೆ ಕೊಡಲು ಸಾಧ್ಯವಾ?

ಹಳೇ ಕ್ಯಾಮೆರಾದಲ್ಲಿ ಕಪ್ಪುಬಿಳುಪು ರೋಲ್ ಹಾಕಿ ಫೋಟೋ ತೆಗೆದೆವು. ಲೆನ್ಸಿಗೆ ಹಸಿರು ಫಿಲ್ಟರ್ ಹಾಕಿದೆ. ಹಸಿರು ಫಿಲ್ಟರ್ ಹಸಿರನ್ನು ಬೆಳ್ಳಗೆ ಮಾಡುತ್ತದೆ, ಕೆಂಪನ್ನು ಕಪ್ಪಾಗಿಸುತ್ತದೆ. ಪಕ್ಕದಲ್ಲಿ ನಿಂತವರ ಮುಖಕ್ಕೂ ಇವನ ಮುಖಕ್ಕೂ ಇರುವ ವ್ಯತ್ಯಾಸ ಎದ್ದು ಕಂಡಿತು. ಫೋನಿನ ಕಪ್ಪುಬಿಳುಪು ಮೋಡಿನಲ್ಲಿ ಅಷ್ಟು ಚೆನ್ನಾಗಿ ಬರಲಿಲ್ಲ. ಅದು ನನ್ನ ಫೋನಿನ ದೋಷವೂ ಇರಬಹುದು, ಹಳೇದು.

ಬಂದವರಲ್ಲಿ ನಮ್ಮ ಎದುರುಮನೆಯ ಅಮೆರಿಕನ್ ಅಜ್ಜ ಒಬ್ಬರು. ಅವರಿಗೆ ಪಿಯರ್ಸ್ ಹೆಸರು ಬಾಲ್ಯದಿಂದ ಗೊತ್ತು. 1957ರಲ್ಲಿ ಯೂನಿವರ್ಸಲ್‌ನ ಹಳೇ ಹಾರರ್ ಸಿನಿಮಾಗಳ ಒಂದು ಕಟ್ಟನ್ನು ಟಿವಿ ಸ್ಟೇಷನ್‌ಗಳಿಗೆ ಕೊಟ್ಟರು. ಮಕ್ಕಳು ರಾತ್ರಿ ಎದ್ದು ಕೂತು ನೋಡಲು ಶುರು ಮಾಡಿದರು. ಮರುವರ್ಷ ಫಾರೆಸ್ಟ್ ಅಕರ್‌ಮನ್ ಸಂಪಾದಕತ್ವದಲ್ಲಿ ರಾಕ್ಷಸ ಸಿನಿಮಾಗಳಿಗೇ ಮೀಸಲಾದ ಪತ್ರಿಕೆ ಬಂತು. ಅದರಲ್ಲಿ ನಟರ ಜೊತೆಗೆ ಮೇಕಪ್ ಮಾಡಿದವರ ಹೆಸರು, ಫೋಟೋ ಇರುತ್ತಿತ್ತು. "ಅಡುಗೆಮನೆಯ ಹಿಟ್ಟು, ಅಮ್ಮನ ಹತ್ತಿ ಕದ್ದು ನಾವೂ ಮುಖಕ್ಕೆ ಮೆತ್ತಿಕೊಳ್ಳುತ್ತಿದ್ದೆವು" ಅಂತ ಅಜ್ಜ ನಕ್ಕರು. ಹೀಗೆ ಮೆತ್ತಿಕೊಂಡ ತಲೆಮಾರಿನಿಂದಲೇ ರಿಕ್ ಬೇಕರ್‌ನಂಥವರು ಬಂದರು. ಪ್ರತಿವರ್ಷದ ಮೇಕಪ್ ಆಸ್ಕರ್ ಶುರುವಾಗಿದ್ದೇ 1981ರ ಸಿನಿಮಾಗಳಿಂದ. ಮೊದಲ ಪ್ರಶಸ್ತಿ ಬೇಕರ್‌ಗೆ, ಅದೂ ಒಂದು ತೋಳಮನುಷ್ಯನಿಗೆ. 2010ರ ಸಿನಿಮಾದಲ್ಲಿ ಪಿಯರ್ಸ್‌ರ ತೋಳಮನುಷ್ಯನನ್ನೇ ಮತ್ತೆ ಕಟ್ಟಿ ಬೇಕರ್ ಇನ್ನೊಂದು ಆಸ್ಕರ್ ಗೆದ್ದರು.

ಮೇಷ್ಟ್ರಿಗೆ ಇದ್ಯಾವುದೂ ಸಿಗಲಿಲ್ಲ. 1946ರಲ್ಲಿ ಯೂನಿವರ್ಸಲ್ ಇನ್ನೊಂದು ಕಂಪನಿಯ ಜೊತೆ ಸೇರಿಕೊಂಡಿತು. ಅದಾದ ಮೇಲೆ ಅವರನ್ನು ಕಳಿಸಿ, ಬಡ್ ವೆಸ್ಟ್‌ಮೋರ್ ಅವರನ್ನು ತಂದರು. ಅಷ್ಟರಲ್ಲಿ ಫೋಮ್ ರಬ್ಬರ್ ಬಂದಿತ್ತು. ಅಚ್ಚು ಒಂದು ಸಲ ಮಾಡಿದರೆ ಬೇಕಾದಷ್ಟು ಹಣೆ ಎರಕ ಹೊಯ್ಯಬಹುದು, ಅಂಟಿಸಲು ಹೊತ್ತು ಕಮ್ಮಿ. ದಿನಾ ಬೆಳಗ್ಗೆ ಹೊಸದಾಗಿ ಕಟ್ಟುವವರಿಗೆ ಜಾಗ ಇರಲಿಲ್ಲ. ಮೇಷ್ಟ್ರು ರಬ್ಬರ್ ಮುಟ್ಟಲೇ ಇಲ್ಲ ಅನ್ನೋದು ಸುಳ್ಳು, ತೋಳಮನುಷ್ಯನ ಮೂತಿ ರಬ್ಬರಿನದ್ದೇ. ಆದರೆ ಕೂದಲು ಮಾತ್ರ ಯಾಕ್ ಪ್ರಾಣಿಯದು, ಕೈಯಿಂದ ಎಳೆ ಎಳೆಯಾಗಿ ಅಂಟಿಸಿ ಬಿಸಿ ಕಬ್ಬಿಣದಿಂದ ಸುಡುತ್ತಿದ್ದರು. ತೋಳಮನುಷ್ಯನ ಪಾತ್ರ ಮಾಡಿದ ಲಾನ್ ಚೇನಿ ಜೂನಿಯರ್‌ಗೆ ಅದರಿಂದ ಇವರನ್ನು ಕಂಡರೇ ಆಗುತ್ತಿರಲಿಲ್ಲ.

ಸ್ಟುಡಿಯೋದ ಲೆಕ್ಕ ತಪ್ಪು ಅಂತ ನಾನು ಹೇಳಲಾರೆ. ನಾನೂ ಸಂಬಳದ ಕೆಲಸಕ್ಕೆ ಫೋಮ್, ಸಿಲಿಕೋನ್ ಬಳಸುವವಳೇ. ನಾಟಕದ ದಿನ ಹತ್ತು ಮುಖ ಕಾಯುತ್ತಿರುವಾಗ ಹತ್ತಿ ಹಿಂಜುತ್ತಾ ಕೂತರೆ ನನ್ನನ್ನೂ ಕಳಿಸಿಬಿಡುತ್ತಾರೆ. ಆದರೆ ಅಚ್ಚಿನ ಹಣೆಯಲ್ಲಿ ಒಂದು ಕೊರತೆ ಇದೆ. ಅದು ಎಲ್ಲ ದಿನವೂ ಒಂದೇ. ಕೈಯಲ್ಲಿ ಕಟ್ಟುವಾಗ ಆ ದಿನ ನಟನ ಮುಖ ಹೇಗಿದೆ, ರಾತ್ರಿ ನಿದ್ದೆ ಆಯಿತಾ, ಯಾವ ದೃಶ್ಯ ಇದೆ, ಎಲ್ಲವೂ ಬೆರಳಿಗೆ ತಿಳಿಯುತ್ತದೆ. ಕುರ್ಚಿಯಲ್ಲಿ ಇಬ್ಬರೂ ಗಂಟೆಗಟ್ಟಲೆ ಜೊತೆಗಿರುತ್ತಾರೆ. 1957ರಲ್ಲಿ ಟಿವಿಯಲ್ಲಿ ಕಾರ್ಲಾಫ್ ಅವರ ಜೀವನದ ಬಗ್ಗೆ ಕಾರ್ಯಕ್ರಮ ಮಾಡಿದಾಗ ಪಿಯರ್ಸ್ ಬಂದಿದ್ದರು. ಜಗತ್ತಿನಲ್ಲೇ ಇವರಂಥ ಮೇಕಪ್ ಮಾಡುವವರಿಲ್ಲ, ನಾನು ಇವರಿಗೆ ಋಣಿ ಅಂತ ಕಾರ್ಲಾಫ್ ಎಲ್ಲರೆದುರು ಹೇಳಿದರು. ಮಮ್ಮಿ ಮಾಡುವಾಗ 8 ಗಂಟೆ ಪಟ್ಟಿ ಸುತ್ತಿಸಿಕೊಂಡ ಮನುಷ್ಯ ಹೇಳಿದ ಮಾತು ಅದು. ಆಗ ಒಂದಕ್ಕೆ ಹೋಗಲು ದಾರಿಯೇ ಬಿಟ್ಟಿಲ್ಲ ಅಂತ ತಮಾಷೆ ಮಾಡಿದ್ದರಂತೆ.

ಕೊನೆಯ ವರ್ಷಗಳಲ್ಲಿ ಮೇಷ್ಟ್ರು ಕಮ್ಮಿ ಬಜೆಟ್ಟಿನ ಸಿನಿಮಾ, ಟಿವಿಯಲ್ಲಿ ದಿನ ದೂಡಿದರು. ಮಾತಾಡುವ ಕುದುರೆಯ ಒಂದು ಹಾಸ್ಯ ಧಾರಾವಾಹಿಗೂ ಕೆಲಸ ಮಾಡಿದರು. ಅಂತ್ಯಕ್ರಿಯೆಗೆ ಬಂದವರು ಕೆಲವೇ ಜನ. ಅವರು ಕಟ್ಟಿದ ಮುಖದ ಹಕ್ಕು ಮಾತ್ರ ಸ್ಟುಡಿಯೋ ಹತ್ತಿರ ಭದ್ರವಾಗಿತ್ತು. ಎಷ್ಟರ ಮಟ್ಟಿಗೆ ಅಂದರೆ 1957ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಕಂಪನಿ ಫ್ರಾಂಕೆನ್‌ಸ್ಟೈನ್ ಕಥೆ ತೆಗೆದಾಗ ಆ ಮುಖವನ್ನು ಹೋಲದ ಬೇರೆ ಮುಖ ಹುಡುಕಬೇಕಾಯಿತು. ನೀವೂ ಮಾಡುವುದಾದರೆ ಮನೆಮಟ್ಟಿಗೆ, ನೆನಪಿಗೆ ಅಂತ ಮಾಡಿ. ದುಡ್ಡು ಮಾಡಲು ಹೋಗಬೇಡಿ.

ತೆಗೆಯೋದರ ಬಗ್ಗೆ ಒಂದೆರಡು ಮಾತು. ಇದನ್ನು ಯಾರೂ ಸರಿಯಾಗಿ ಬರೆಯೋದಿಲ್ಲ. ಎಳೆದು ಕೀಳಬೇಡಿ. ಸ್ಪಿರಿಟ್ ಗಮ್ ರಿಮೂವರನ್ನು ಬ್ರಷ್ಷಿನಲ್ಲಿ ಅಂಚಿನ ಅಡಿಗೆ ಬಿಡುತ್ತಾ ಹೋಗಿ. ಅಂಟು ತಾನಾಗಿ ಬಿಡುತ್ತದೆ. ಕಣ್ಣಿನ ಮೇಣವನ್ನು ಮೊದಲು ಒಣ ಟಿಶ್ಯೂನಲ್ಲಿ ಎತ್ತಿ, ಆಮೇಲೆ ಎಣ್ಣೆ. ನಾನು ತೆಂಗಿನೆಣ್ಣೆ ಹಚ್ಚಿದೆ, ಮಾವನ ಪದ್ಧತಿ. ಗ್ರೀಸ್ ಪೇಂಟ್ ಬೆಣ್ಣೆಯ ಹಾಗೆ ಬಂತು. ಕಾರ್ಲಾಫ್‌ಗೆ ತೆಗೆಯೋದಕ್ಕೇ ಒಂದು ಗಂಟೆಗೂ ಜಾಸ್ತಿ ಹಿಡಿಯುತ್ತಿತ್ತು. ನಮಗೂ ಹಿಡಿಯಿತು. ಕತ್ತಿಗೆ ಅಂಟಿಸಿದ ಎಲೆಕ್ಟ್ರೋಡಿನ ಜಾಗ ಕೆಂಪಾಗಿತ್ತು, ಲೋಳೆಸರ ಹಚ್ಚಿದೆ. ಕಾರ್ಲಾಫ್ ಕತ್ತಿನಲ್ಲಿ ಅದರ ಸಣ್ಣ ಕಲೆ ವರ್ಷಗಟ್ಟಲೆ ಉಳಿದಿತ್ತಂತೆ.

ಚಪ್ಪಟೆ ತಲೆ ಕ್ಯಾಪಿನ ಸಮೇತ ಒಂದೇ ತುಂಡಾಗಿ ಎದ್ದು ಬಂತು. ಇದನ್ನು ಇಟ್ಟುಕೊಳ್ಳೋಣ ಅಕ್ಕ, ಶೋಕೇಸಿನಲ್ಲಿ ಚೆನ್ನಾಗಿರುತ್ತೆ ಅಂತ ಹುಡುಗ ಕೇಳಿದ. ಬೇಡ ಅಂದೆ. ಕೊಲೋಡಿಯನ್ ಮೆತ್ತಿದ ಹತ್ತಿಯನ್ನು ಕಸದ ಡಬ್ಬಿಗೂ ಹಾಗೇ ಹಾಕಬಾರದು. ನೀರಲ್ಲಿ ನೆನೆಸಿ, ಊರಿನ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕೊಟ್ಟು ಬಂದೆ.

ಮುಂದಿನ ವರ್ಷಕ್ಕೆ ತೋಳಮನುಷ್ಯ. ಯಾಕ್ ಕೂದಲು ಎಲ್ಲಿ ಸಿಗುತ್ತದೆ ಅಂತ ವಿಚಾರಿಸಿದ್ದೇನೆ, ಬೆಲೆ ಕೇಳಿ ಎದೆ ಧಸಕ್ ಅಂದಿದೆ. ನಾಟಕದ ಗಡ್ಡಮೀಸೆಗೆ ಬಳಸುವ ಕ್ರೇಪ್ ಕೂದಲಿನಲ್ಲೂ ಸುಧಾರಿಸಬಹುದು, ಆದರೆ ಬಿಸಿ ಕಬ್ಬಿಣಕ್ಕೆ ಅದು ಹೇಗೆ ತಡೆಯುತ್ತದೆ ಅಂತ ಮೊದಲು ಒಂದು ವಿಗ್ ಸ್ಟ್ಯಾಂಡಿನ ಮೇಲೆ ನೋಡಬೇಕು. ಹುಡುಗನಿಗೆ ಕಬ್ಬಿಣದ ವಿಷಯ ಇನ್ನೂ ಹೇಳಿಲ್ಲ.